ಮೂವತ್ತೊಂದನೆಯ ಅಧ್ಯಾಯದ ಹುಡುಗ

ಡಾಲ್ಗಾರ್ನೊ ಅವರ ಐವತ್ತೆಂಟನೆಯ ಕಾದಂಬರಿ
ಸೋಮವಾರ ಬೆಳಗ್ಗೆ ಮೀನಿನ ಬುಟ್ಟಿಯಲ್ಲಿ ಬಂತು.
ಕಾಗದದ ಅಂಚಿಗೆಲ್ಲ ಹೆರಿಂಗ್ ವಾಸನೆ,
ಅಕ್ಷರ ಮಾತ್ರ ಕುದುರೆ ಸವಾರರ ಹಾಗೆ
ಮುಂದಕ್ಕೆ ಬಾಗಿ, ಒಂದರ ಬಾಲ ಇನ್ನೊಂದರ ಬಾಯಲ್ಲಿ.

ನಾನು ಎಲ್ಸ್‌ಪೆತ್, ಮೊಳೆ ಜೋಡಿಸುವವಳು.
ಗಂಡಸರ ಅರ್ಧ ಕೂಲಿಗೆ, ಎಡಿನ್‌ಬರೊದ ಒಂದು ಕಿಟಕಿಯ ಕೆಳಗೆ
ಕೋಟೆಗಳನ್ನು ತಲೆಕೆಳಗಾಗಿ ಕಟ್ಟುತ್ತೇನೆ,
ಅಚ್ಚಾದ ಮೇಲೆ ಕೆಡವಿ
ಒಂದೊಂದು ಕಲ್ಲನ್ನೂ ಅದರದರ ಮನೆಗೆ ಕಳಿಸುತ್ತೇನೆ.

ನೂರು ಪುಟ ದಾಟುವಷ್ಟರಲ್ಲಿ ಪ್ರತಿ ಸಲವೂ
ಉದ್ಗಾರ ಚಿಹ್ನೆಯ ಖಾನೆ ಖಾಲಿ.
ಅವರ ಸಿಪಾಯಿಗಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕಂಡಿಲ್ಲ.
ಪಕ್ಕದ ಜೀನ್ ಕಟ್ಟುತ್ತಿದ್ದದ್ದು ಪ್ರಾರ್ಥನಾ ಪುಸ್ತಕ;
ಅವಳ ದೇವರಿಂದ ಹನ್ನೆರಡು ಉದ್ಗಾರ ಕಡ ತಂದು
ಒಂದು ದಂಡನ್ನು ಗುಡ್ಡ ಹತ್ತಿಸಿದೆ.

ಮೊದಮೊದಲು ಲೆಕ್ಕ ಇಡುತ್ತಿದ್ದೆ: ಇವತ್ತು ಸತ್ತವರು ಇನ್ನೂರು,
ನನಗೆ ಬಂದದ್ದು ಒಂದೂವರೆ ಶಿಲಿಂಗ್.
ಆಮೇಲೆ ಬಿಟ್ಟೆ.
ಶವಪೆಟ್ಟಿಗೆಗೂ ಮೊಳೆ, ಪುಸ್ತಕಕ್ಕೂ ಮೊಳೆ,
ಕೂಲಿಯವರಿಗೆ ಯಾಕೆ ಸೂತಕ?

ಆದರೆ ಒಂಬತ್ತನೆಯ ಅಧ್ಯಾಯದಲ್ಲಿ
ಡೋಲು ಬಾರಿಸುವ ಮರ್ಡೊ ಹೊಳೆ ದಾಟುವಾಗ ಸತ್ತ.
ಹದಿಮೂರು. ಬೂಟು ಒರೆಸಿಕೊಂಡು, ಅಮ್ಮನಿಗೆ ಹೇಳದೆ
ದಂಡಿಗೆ ಹೆಸರು ಕೊಡಲು ಹೋದ ನನ್ನ ತಮ್ಮನ ವಯಸ್ಸು.
ಆ ಪುಟದಲ್ಲಿ ಒಂದು ತಪ್ಪೂ ಇರಲಿಲ್ಲ, ಹಾಗೆ ಜೋಡಿಸಿದ್ದೆ.
ಮೂವತ್ತೊಂದರಲ್ಲಿ, ಮಂಜು ಕವಿದ ಬೆಳಗು, ಅದೇ ಮರ್ಡೊ
ಗುಡಾರದ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳುತ್ತಾನೆ.

ಹೋಗಿ ಕೇಳು, ಅಂದ ಫೋರ್‌ಮನ್.
ಐದು ಮಹಡಿ ಹತ್ತಿದೆ.
ಯುದ್ಧ ಬರೆಯುವ ಕೈಗೆ ಬೆರಳು ಹರಿದ ಗವಸು,
ಒಲೆಯಲ್ಲಿ ನಿನ್ನೆಯ ಬೂದಿ, ಗೋಡೆಯ ಮೇಲೊಂದು ಕತ್ತಿ.
ನಾನು ನೋಡುವುದನ್ನು ನೋಡಿ ಅವರೇ ಹೇಳಿದರು:
'ಹರಾಜಿನಲ್ಲಿ ಕೊಂಡದ್ದು. ನಾನು ದಂಡಿನಲ್ಲಿದ್ದದ್ದು ಮೂರೇ ವರ್ಷ,
ಮಾಲ್ಟಾದಲ್ಲಿ, ಹಿಟ್ಟಿನ ಉಗ್ರಾಣದ ಕಾವಲಿಗೆ.
ಕೊಂದದ್ದು ಇಲಿ.'

ಮರ್ಡೊನ ವಿಷಯ ಹೇಳಿದೆ.
ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದರು,
ಐವತ್ತೆಂಟು ರಣರಂಗ, ಒಂದೊಂದೇ ಹೆಣ ಮಗುಚಿ.
'ಹೇಗೆ ಸತ್ತ?'
'ಹೊಳೆಯಲ್ಲಿ. ಡೋಲು ತೇಲಿ ಹೋಯಿತು. ನೀವೇ ಬರೆದಿದ್ದೀರಿ.'
'ಚೆನ್ನಾಗಿದೆಯೇ?'
'ಹೂಂ.'
'ಹಾಗಾದರೆ ಇರಲಿ. ಮೂವತ್ತೊಂದರವನಿಗೆ ಬೇರೆ ಹೆಸರಿಡು.'
ಮತ್ತೆ ಲೇಖನಿ ಅದ್ದಿದರು. ಬಾಡಿಗೆಗೆ ಇನ್ನೂ ಎಂಟು ಪುಟ ಬೇಕಿತ್ತು.

ಹೊಸ ಹೆಸರಿಗೆಂದು ಖಾನೆಗೆ ಹೋದ ಬೆರಳು
ಅಲ್ಲೇ ನಿಂತಿತು.
ಒಂಬತ್ತನೆಯ ಅಧ್ಯಾಯ ಇನ್ನೂ ಅಚ್ಚಿಗೆ ಹೋಗಿರಲಿಲ್ಲ,
ದಾರ ಸುತ್ತಿಕೊಂಡು ಕಲ್ಲಿನ ಮೇಲೆ ಮಲಗಿತ್ತು.
ಬಿಚ್ಚಿದೆ. ಏಳು ಸಾಲು ಎತ್ತಿದೆ,
ತಣ್ಣಗಿದ್ದವು, ಭಾರವಾಗಿದ್ದವು.
ಸೀಸ ಯಾವಾಗಲೂ ಹಾಗೇ.
ಅದರಲ್ಲಿದ್ದ ಮೂರು ಉದ್ಗಾರಗಳನ್ನು
ಜೀನಳ ದೇವರಿಗೆ ವಾಪಸು ಕೊಟ್ಟೆ.

ಡೋಲು ತೇಲಿ ಹೋಗುವ ಒಂದು ವಾಕ್ಯ ಹಾಗೇ ಬಿಟ್ಟೆ,
ಚೆನ್ನಾಗಿತ್ತು.
ಹಾಗಾಗಿ ಮೂವತ್ತೊಂದರಲ್ಲಿ ಅವನು ಬರುವುದು ಬರಿಗೈಯಲ್ಲಿ.
ಯಾಕೆಂದು ಯಾರೂ ಕೇಳುವುದಿಲ್ಲ,
ನೀರು ಕೊಡುತ್ತಾರೆ.
ಬಟ್ಟೆ ಇನ್ನೂ ಒದ್ದೆಯಿರಬೇಕು.