ಹತ್ತು ವರ್ಷದ ನಿರಿಗೆ

ಮಡಚುವ ಮೇಜು ಹದಿನಾಲ್ಕು ಮೀಟರು.
ಈ ತುದಿಯಲ್ಲಿ ನಿಂತು ಕೂಗಿದರೆ
ಆ ತುದಿಗೆ ಮುಟ್ಟುವುದು ಅರ್ಧ ಮಾತು.
ದ್ರಾಹೊಮೀರಾ ಈಗ ಕೂಗುವುದಿಲ್ಲ.
ಆ ತುದಿಯಲ್ಲಿ ಹೊಸ ಹುಡುಗ, ವೊಯ್ತೆಖ್,
ಕಿವಿಗೆ ಏನೋ ಸಿಕ್ಕಿಸಿಕೊಂಡು
ಹಗ್ಗ ಎಣಿಸುತ್ತಿದ್ದಾನೆ.

ಇವತ್ತಿನದು ಎರಡಾಸನದ ಪುಟ್ಟ ವಿಮಾನದ್ದು.
ದಿಂಬಿನಷ್ಟು ದೊಡ್ಡ ಬಿಳಿ ಡಬ್ಬಿ,
ಸೀಟಿನ ಬೆನ್ನ ಹಿಂದೆ ಹತ್ತು ವರ್ಷ ಕೂತು
ಮೊರಾವಿಯಾದ ಹೊಲ, ಆಲ್ಪ್ಸ್, ಒಮ್ಮೆ ಕಾರ್ಸಿಕಾ ತನಕ
ಏನನ್ನೂ ನೋಡದೆ ಹೋಗಿಬಂದದ್ದು.
ಎಂಜಿನ್ನು ಸತ್ತರೆ, ರೆಕ್ಕೆ ಮುರಿದರೆ
ವಿಮಾನವನ್ನೇ ಜನರ ಸಮೇತ ಇಳಿಸಬೇಕಾದದ್ದು.
ಅಂಥದ್ದೇನೂ ಆಗಲಿಲ್ಲ.
ಅವಧಿ ಮುಗಿಯಿತು, ಅಷ್ಟೆ.

ರಾಕೆಟ್ಟನ್ನು ನಿನ್ನೆಯೇ ಬಿಡಿಸಿ
ಹಿತ್ತಲಿನ ಮರಳುಕೋಣೆಯಲ್ಲಿಟ್ಟಿದ್ದಾರೆ.
ಅದು ಉರಿಯದೆ ಉಳಿದಷ್ಟೂ ಅಪಾಯ;
ಬಿದ್ದ ವಿಮಾನಕ್ಕೆ ಕೈಹಾಕುವ ಮೊದಲು
ಅಗ್ನಿಶಾಮಕದವರು ಹುಡುಕುವುದು
ಪೈಲಟನನ್ನಲ್ಲ, ಇದನ್ನು.

ಚೀಟಿಯಲ್ಲಿ ಮಡಚಿದವನ ಸಹಿ:
ಸ್ವಾತೊಪ್ಲುಕ್ ಹಲೂಜಾ. ಪೆನ್ಸಿಲ್ಲು.
ಇಂಕಿನಲ್ಲಿ ಮಾಡು ಎಂದರೆ
ತೇವಕ್ಕೆ ಹರಡುತ್ತದೆ ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷ ಆ ತುದಿ ಅವನದು.
ಒಂದು ದಿನವೂ ಹಾರಿದವನಲ್ಲ.
ಒಮ್ಮೆ ಒಬ್ಬ ಪೈಲಟ್ ಬಂದಿದ್ದ,
ಪ್ಲಮ್ ಬ್ರಾಂದಿ ಬಾಟಲಿ ಎದೆಗವಚಿಕೊಂಡು.
ಸಾಸಿವೆ ಹೊಲದ ನಡುವೆ ಇಳಿದಿದ್ದನಂತೆ,
ಕಾಲಿನ ಒಂದು ಬೆರಳು ಮಾತ್ರ ಮುರಿದಿತ್ತಂತೆ.
"ಕೆಂಪು ಹಿಡಿ ಕಣ್ಣೆದುರೇ ಇತ್ತು.
ಆದರೂ ಮೂರು ಸೆಕೆಂಡು ಎಳೆಯಲಿಲ್ಲ.
ಭಯಕ್ಕಲ್ಲ, ನಾಚಿಕೆಗೆ.
ಕ್ಲಬ್ಬಿನವರು ಏನಂದಾರು ಅಂತ."
ಹೇಳುತ್ತಾ ಅತ್ತ.
ಸ್ವಾತೊಪ್ಲುಕ್ ಬಾಟಲಿ ಇಸಿದುಕೊಂಡು ಕೇಳಿದ್ದು ಒಂದೇ:
"ಹಗ್ಗ ಎಲ್ಲಾದರೂ ಸಿಕ್ಕಾಗಿತ್ತಾ?"

ಹೋದ ವರ್ಷದ ಹಿಂದಿನ ಚಳಿಗಾಲ
ಸೇಬಿನ ಕೊಂಬೆ ಸವರಲು ಹೋಗಿ
ಎಂಟು ಮೆಟ್ಟಿಲ ಏಣಿಯಿಂದ ಬಿದ್ದ.
ಅಷ್ಟು ಎತ್ತರಕ್ಕೆ ಯಾವ ಕೊಡೆಯೂ ಬಿಚ್ಚುವುದಿಲ್ಲ.
ಸಾವಿನ ಮನೆಯಲ್ಲಿ ಯಾರೋ ಈ ಮಾತು ಆಡಿದರು,
ಯಾರೂ ನಗಲಿಲ್ಲ, ಅವಳಿಗೆ ಮಾತ್ರ
ನಗು ತಡೆಯಲಾಗದೆ ಹೊರಗೆ ಹೋಗಬೇಕಾಯಿತು.

ಜಗಳವಾಗುತ್ತಿದ್ದದ್ದು ಮೊದಲ ನಿರಿಗೆಗೆ.
ಎಡದಿಂದ ಎನ್ನುತ್ತಿದ್ದ ಅವನು, ಬಲದಿಂದ ಇವಳು.
ಕೈಪಿಡಿ ಎರಡಕ್ಕೂ ಹೂಂ ಎನ್ನುತ್ತದೆ;
ಅದಕ್ಕೇ ಜಗಳ ಮುಗಿಯಲಿಲ್ಲ.
ಒಟ್ಟಿಗೆ ಮಡಚುವ ದೊಡ್ಡ ಕೊಡೆಗಳಲ್ಲಿ
ನಾಣ್ಯ ಚಿಮ್ಮುತ್ತಿದ್ದರು.
ಒಬ್ಬೊಬ್ಬರೇ ಮಡಚುವ ಚಿಕ್ಕವುಗಳಲ್ಲಿ
ಅವರವರ ದಾರಿ ಅವರಿಗೆ.

ಇದು ಚಿಕ್ಕದು. ಅವನೊಬ್ಬನೇ ಮಡಚಿದ್ದು.
ಚೀಲ ಸಡಿಲಿಸಿ, ಬೆರಳು ತೂರಿಸಿ
ಹತ್ತು ವರ್ಷ ಒತ್ತಿ ಗಟ್ಟಿಯಾದ ಬಟ್ಟೆಯನ್ನು
ಒಂದೊಂದೇ ಪದರ ಏಳಿಸುತ್ತಾಳೆ.
ನೈಲಾನಿಗೆ ಹಳೆಯ ವಾಸನೆ,
ಪೆಟ್ರೋಲು, ಸ್ವಲ್ಪ ಬಿಸಿಲು.
ಎಲ್ಲಕ್ಕೂ ಅಡಿಯಲ್ಲಿ, ಮೊದಲ ನಿರಿಗೆ

ಬಲದಿಂದ.

ತಪ್ಪಿ ಆದದ್ದೇನೋ. ಇನ್ನೊಮ್ಮೆ ನೋಡಿದಳು.
ತಪ್ಪಿ ಆದದ್ದಲ್ಲ; ಅಂಚಿಗೆ ಅಂಚು ಕೂಡಿಸಿ
ಉಗುರಿನಿಂದ ಗೀರಿ ಕೂರಿಸಿದ್ದಾನೆ.
ಆ ವಾರವೂ ಊಟದ ಹೊತ್ತಿಗೆ
ಎಡ, ಎಡ ಎಂದು ಮೇಜು ಕುಟ್ಟಿರಬೇಕು.

ಬಿಚ್ಚದೆ ಇಡುವ ಹಾಗಿಲ್ಲ.
ಬಿಚ್ಚಿದಳು. ಇಡೀ ಬಟ್ಟೆ ಮೇಜಿನ ಮೇಲೆ
ಉಸಿರು ತೆಗೆದುಕೊಂಡು ಹರಡಿತು.
ದೀಪ ಹಿಡಿದು ನೋಡಿದಳು: ತೂತಿಲ್ಲ, ಕಲೆಯಿಲ್ಲ.
ವರದಿಯಲ್ಲಿ ಬರೆಯಲು ಬೇರೆ ಕಾಲಂ ಇಲ್ಲ.

ಸಂಜೆ ನಾಲ್ಕು. ಮತ್ತೆ ಮಡಚಬೇಕು.
ಎರಡೂ ಕೈ ಬಟ್ಟೆಯ ಮೇಲೆ ನಿಂತೇ ಇವೆ.
"ಎಡದಿಂದಲೋ, ಬಲದಿಂದಲೋ?"
ಎರಡು ವರ್ಷದಲ್ಲಿ ಮೊದಲ ಸಲ ಕೂಗಿದಳು.

ವೊಯ್ತೆಖ್ ಒಂದು ಕಿವಿ ಬಿಡಿಸಿಕೊಂಡ.
"ನನಗೆ ಸಕ್ಕರೆ ಬೇಡ," ಎಂದ.