ಹನ್ನೊಂದಡಿ ನಾಲ್ಕಂಗುಲ

ದಸ್ತಗೀರ್ ಸಾಹೇಬರ ಕ್ಯಾಮೆರಾಕ್ಕೂ
ನಾಯಕಿಯ ಕಣ್ಣಿಗೂ ನಡುವೆ
ಇಪ್ಪತ್ತಾರು ವರ್ಷ ಟೇಪು ಹಿಡಿದವನು ನಾನು.
ಅಡಿ, ಅಂಗುಲ ಕೂಗುವುದು,
ಫೋಕಸ್ಸು ತಿರುಗಿಸುವುದು,
ಶಾಟು ಮುಗಿಯುವವರೆಗೆ ಉಸಿರು ಬಿಡದಿರುವುದು,
ಇಷ್ಟೇ ನನ್ನ ವಿದ್ಯೆ.

ಅವರದು ಶಿಡ್ಲಘಟ್ಟ. ಅಪ್ಪನದು ನಾಲ್ಕು ಚರಕದ ಶೆಡ್ಡು.
ಗೂಡು ಬೇಯುವ ನಾತ, ಹಬೆ,
ಹಬೆಯೊಳಗೆ ತಗಡಿನ ತೂತಿನಿಂದ ಇಳಿದ ಒಂದು ಕೋಲು ಬಿಸಿಲು.
'ನನ್ನ ಮೊದಲನೇ ಲೈಟು ಅದೇ ಕಣಯ್ಯಾ' ಅಂದಿದ್ದರು ಒಮ್ಮೆ.
ರೀಲು ಎಂಬ ಮಾತು ಅವರ ಮನೆಗೆ
ಸಿನಿಮಾದಿಂದ ಬಂದದ್ದಲ್ಲ.
ಎಳೆ ಕಡಿದರೆ ಅಪ್ಪ ಬೈಯುತ್ತಿರಲಿಲ್ಲವಂತೆ,
ಬೆರಳು ಸುಟ್ಟುಕೊಂಡು ತುದಿ ಹುಡುಕುತ್ತಿದ್ದರಂತೆ.

ನೂರ ಹದಿನಾಲ್ಕು ಚಿತ್ರ.
ನೆನಪಿಡುವಂಥವು ಆರು, ಈ ಲೆಕ್ಕವೂ ಅವರದೇ.
ಉಳಿದವು ಹೆಣ್ಣುಮಕ್ಕಳ ಮದುವೆಗೆ,
ಒಂದು ಮಾತ್ರ ಯಾಕೆಂದು ಅವರಿಗೂ ಗೊತ್ತಿಲ್ಲ.
ಹೊಸ ಹುಡುಗಿಯ ಕಪ್ಪು ಕೆನ್ನೆಗೆ
ಪೌಡರು ಬಳಿಯಲು ಬಂದವನನ್ನು ತಡೆದು
'ಬಣ್ಣ ಸರಿಯಾಗಿದೆ, ತಪ್ಪಿರುವುದು ನನ್ನ ಲೈಟು'
ಎಂದು ದೀಪವನ್ನೇ ಸರಿಸಿದರು. ನಾನು ಮತ್ತೆ ಅಳೆದೆ.

ಸಂಘದ ಅಧ್ಯಕ್ಷರಾದದ್ದು ಹಾರಕ್ಕೆ ಎಂದವರುಂಟು.
ಹಾರವೇನೋ ಬಂತು.
ಆಮೇಲೆ ಆ ರಾತ್ರಿಯೂ ಬಂತು:
ನಲವತ್ತಡಿ ಮೇಲಿನ ಹಲಗೆಯಿಂದ
ಮಾಲೂರಿನ ಲೈಟ್‌ಬಾಯ್ ಮುನಿಯೆಲ್ಲಪ್ಪ
ಐದು ಕಿಲೋವ್ಯಾಟಿನ ದೀಪದ ಜೊತೆ ಬಿದ್ದ.
ದೀಪಕ್ಕೆ ವಿಮೆ ಇತ್ತು.
ನಾನು ಟೇಪು ಎಳೆದು ನಿಂತಿದ್ದೆ,
ಹನ್ನೊಂದಡಿ ನಾಲ್ಕು ಎಂದು ಬಾಯಿ ತೆರೆದಿದ್ದೆ,
ಅಂಗುಲ ಎನ್ನಲು ಆಗಲಿಲ್ಲ.

ಮೀಟರನ್ನು ಜೇಬಿಗಿಟ್ಟು ಸಾಹೇಬರು 'ಲೈಟ್ಸ್ ಆಫ್' ಎಂದರು.
ಹನ್ನೆರಡು ದಿನ ಯಾವ ಫ್ಲೋರಿನಲ್ಲೂ ದೀಪ ಹತ್ತಲಿಲ್ಲ.
ನಿರ್ಮಾಪಕರು ಮೊದಲು ಕೈ ಮುಗಿದರು,
ಆಮೇಲೆ ಪೂರ್ತಿ ಹೆಸರು ಹಿಡಿದು ಕರೆದರು,
ಆ ಕರೆಯುವಿಕೆಯಲ್ಲೇ ಬೈಗುಳವಿತ್ತು.
ಕೊನೆಗೆ ಮುನಿಯೆಲ್ಲಪ್ಪನ ತಾಯಿಗೆ ಚೆಕ್ಕು,
ಮೇಲೆ ಹತ್ತುವವರ ಸೊಂಟಕ್ಕೆ ಹಗ್ಗ.
ಸಾಹೇಬರಿಗೆ ಮೂರು ವರ್ಷ ಕೆಲಸವಿಲ್ಲ.
ನನಗೂ.
ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.
ಚಿಂತಾಮಣಿಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆದೆ,
ಅಳೆಯಬೇಕಾಗಿಯೇ ಇರಲಿಲ್ಲ,
ಎಲ್ಲರೂ ಒಂದೇ ಸ್ಟೂಲಿನ ಮೇಲೆ.

ಹೋದ ಶುಕ್ರವಾರ ಶಿಡ್ಲಘಟ್ಟಕ್ಕೆ ಹೋದೆ.
ತಮ್ಮನ ಮಗ ಚರಕಗಳಿಗೆ ಮೋಟಾರು ಹಾಕಿಸಿದ್ದಾನೆ.
ಕಣ್ಣಪೊರೆ ತೆಗೆಸಿ ಎರಡು ದಿನ, ಮುಖಕ್ಕೆ ಹಸಿರು ಬಟ್ಟೆ,
ಡಾಕ್ಟರು ಬೇಡವೆಂದ ಹಬೆಯಲ್ಲೇ
ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ.
ಬಾಗಿಲಲ್ಲಿ ನಿಂತೆ.
ಚಪ್ಪಲಿಯ ಸದ್ದಿಗೇ 'ಎಷ್ಟು?' ಎಂದರು.
ಕೈಯಲ್ಲಿ ಟೇಪಿಲ್ಲ, ಬಾಯಿ ತಾನೇ ಹೇಳಿತು:
'ಹನ್ನೊಂದಡಿ ನಾಲ್ಕಂಗುಲ.'
'ಆ ಮೂರು ವರ್ಷ ಸೇರಿಸಿದೆಯೇನಯ್ಯಾ?'

ಪಕ್ಕದ ಬಾಣಲೆಯಲ್ಲಿ ಒಬ್ಬಾಕೆ
ಬಿಸಿನೀರಿಗೆ ಬೆರಳದ್ದಿ
ಕಡಿದ ಎಳೆಯ ತುದಿ ಹುಡುಕುತ್ತಿದ್ದಳು.
ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.