ಬಣ್ಣದ ಬೀಟೆ

ಗೋಪಾಳದ ಮೂರನೇ ತಿರುವು, ಹಸಿರು ಗೇಟಿನ ಮನೆ.
ಅಡುಗೆಕೋಣೆ ಎಂಟಡಿಗೆ ಹತ್ತಡಿ.
ಪ್ರಫುಲ್ಲ ಟೀಚರು ಫೋನಿನಲ್ಲೊಂದು ಚಿತ್ರ ತೋರಿಸಿ
"ಗೋಡೆ ಹೀಗೇ ಮರ ಆಗ್ಬೇಕು" ಅಂದರು,
"ಮುಟ್ಟಿದರೂ ಗೊತ್ತಾಗಬಾರದು."
ಮುಟ್ಟಿದರೆ ಗೊತ್ತಾಗುತ್ತೆ ಟೀಚರೇ,
ಸಿಮೆಂಟು ತಣ್ಣಗಿರುತ್ತೆ,
ಮರ ಅಷ್ಟು ತಣ್ಣಗಿರಲ್ಲ.
"ಸರಿ, ಯಾರೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ."

ಎರಡು ದಿನ ಬರೀ ಉಜ್ಜಿದೆ.
ಹದಿನಾಲ್ಕು ವರ್ಷದ ಒಗ್ಗರಣೆಯ ಜಿಡ್ಡು
ಸೋಡಾಪುಡಿಗೂ ಬಿಸಿನೀರಿಗೂ ಬಗ್ಗದೆ
ಒಲೆಯ ಮೇಲ್ಗಡೆ ಕೂತೇ ಇತ್ತು,
ಸಾಸಿವೆ ಸಿಡಿದಲ್ಲೆಲ್ಲ ಒಂದೊಂದು ಚುಕ್ಕೆ.
ಆಮೇಲೆ ಪುಟ್ಟಿ, ಪ್ರೈಮರು, ಅದರ ಮೇಲೆ ತೆಳು ಕಂದು.
ಅದು ಒಣಗುವವರೆಗೆ ಚಹಾ, ಮಂಡಕ್ಕಿ.
ಮತ್ತೆ ಕಪ್ಪಿಗೆ ಹತ್ತಿರದ ಕೆಂಪು, ನೀರುನೀರಾಗಿ ಬಳಿದು
ಹಸಿ ಇರುವಾಗಲೇ
ಹಲ್ಲು ಅಲ್ಲಲ್ಲಿ ಮುರಿದ ಹಳೇ ಬಾಚಣಿಗೆಯನ್ನು
ಮೇಲಿಂದ ಕೆಳಕ್ಕೆ ಒಂದೇ ಉಸಿರಿಗೆ ಎಳೆಯಬೇಕು.
ನಡುವೆ ಉಸಿರು ಬಿಟ್ಟರೆ ಮರ ಸೊಟ್ಟ.

"ಯಾರು ಕಲಿಸಿದ್ರು ಇದನ್ನ?"

ಬಣ್ಣ ಯಾರೂ ಕಲಿಸಿದ್ದಲ್ಲ.
ನಮ್ಮಬ್ಬ ಸಾಗರ ರಸ್ತೆಯ ಸಾಮಿಲ್ಲಿನಲ್ಲಿ
ಮೂವತ್ತು ವರ್ಷ ಗರಗಸಕ್ಕೆ ದಿಮ್ಮಿ ಕೊಟ್ಟವರು.
ಮಧ್ಯಾಹ್ನ ಬುತ್ತಿ ಒಯ್ದರೆ
ಆಗಷ್ಟೇ ಸೀಳಿದ ಹಲಗೆ ಬೆಳಕಿಗೆ ತಿರುಗಿಸಿ
ನನ್ನ ಬೆರಳು ಹಿಡಿದು ಗೆರೆಯ ಮೇಲೆ ಓಡಿಸುವರು:
ಇದು ಬೀಟೆ, ನೋಡು, ಹೊಗೆ ಹರಿದ ಹಾಗೆ.
ಇದು ಹೊನ್ನೆ, ಸಿಟ್ಟಿನ ಮರ, ಗರಗಸಕ್ಕೆ ರಕ್ತ ಹಚ್ಚುತ್ತೆ.
ಇದು ಮತ್ತಿ, ಇಲ್ಲಿ ಗೆರೆ ಒತ್ತೊತ್ತಾಗಿದೆಯಲ್ಲ,
ಆ ವರ್ಷ ಅದಕ್ಕೂ ಹೊಟ್ಟೆಗೆ ಕಡಿಮೆ ಬಿದ್ದಿದೆ.
ಗಂಟು ಬಂದರೆ ಮಾತ್ರ ಬೆರಳು ನಿಲ್ಲಿಸುವರು.
ಇಲ್ಲೊಂದು ಕೊಂಬೆ ಇತ್ತು.
ಅಷ್ಟೇ. ಬುತ್ತಿ ಬಿಚ್ಚುವರು.

ಆ ಮಿಲ್ಲು ಈಗ ಟೈಲ್ಸ್ ಅಂಗಡಿ.
ಅಲ್ಲೂ ಮರ ಸಿಗುತ್ತೆ, ಡಬ್ಬಿಗೆ ಎಂಟು ತುಂಡು,
ಎಂಟರಲ್ಲೂ ಅದೇ ಗಂಟು, ಅದೇ ಮೂಲೆಯಲ್ಲಿ.

"ಗಂಟು ಮಾತ್ರ ಬೇಡಪ್ಪ" ಅಂದರು ಟೀಚರು,
"ಕಣ್ಣಿದ್ದ ಹಾಗಿರುತ್ತೆ,
ನಾನು ಸಾರಿಗೆ ಉಪ್ಪು ಹಾಕೋದನ್ನ ನೋಡ್ತಾ ಇರುತ್ತೆ."
ಒಪ್ಪಿದೆ. ದುಡ್ಡು ಅವರದು, ಗೋಡೆ ಅವರದು.
ಎರಡೂವರೆ ಗೋಡೆ
ಒಂದು ಕೊಂಬೆಯೂ ಇಲ್ಲದೆ ಬೆಳೆದ ಮರ ಎಳೆದೆ,
ಅಂಥದ್ದನ್ನು ಯಾವ ಕಾಡಿನಲ್ಲೂ ನಾನು ಕಂಡಿಲ್ಲ.
ಕೊನೆಗೆ ಸಿಲಿಂಡರ್ ಇಡುವ ಜಾಗದಲ್ಲಿ
ಯಾರೂ ಬಗ್ಗಿ ನೋಡದ ಕಡೆ
ಹೆಬ್ಬೆರಳು ಅದ್ದಿ ಒತ್ತಿ
ಸುತ್ತ ಗೆರೆಗಳನ್ನು ದಾರಿ ಬಿಟ್ಟು ಹರಿಸಿದೆ.
ಕೈ ತೊಳೆಯುವಾಗ ತಪ್ಪು ಮಾಡಿದ ಹುಡುಗನ ಹಾಗೆ ಅನ್ನಿಸಿತು.

ಮರುದಿನ ಶೆಲ್ಫು ಹೊಡೆಯಲು ಮೌನೇಶಾಚಾರ್ರು ಬಂದರು.
ಬಾಗಿಲಲ್ಲೇ ನಿಂತು ಕನ್ನಡಕ ಒರೆಸಿ
"ಇಷ್ಟು ಬೀಟೆ ಯಾವ ಡಿಪೋದಲ್ಲಿ ಸಿಕ್ತು? ಪರ್ಮಿಟ್ ಇದೆಯಾ?"
ಟೀಚರು ತುಟಿ ಕಚ್ಚಿಕೊಂಡರು.
ನಾನೂ ಬಾಯಿ ಬಿಡಲಿಲ್ಲ.
ಆಚಾರ್ರು ಮೊಳೆ ಇಟ್ಟರು, ಸುತ್ತಿಗೆ ಎತ್ತಿದರು.
ಠಣ್!
ಮೊಳೆ ಬಾಗಿ ಬಿತ್ತು, ಹಿಂದೆಯೇ ಬಿಳಿ ಪುಡಿ.
ಟೀಚರು ಸೆರಗಿನಲ್ಲಿ ಕಣ್ಣೊರೆಸುವಷ್ಟು ನಕ್ಕರು.
ಅವರು ನಗಲಿಲ್ಲ.
ಮೊಳೆ ಹುಡುಕಲು ಸಿಲಿಂಡರ್ ಸರಿಸಿ, ಮೊಣಕಾಲೂರಿ
ತುಂಬ ಹೊತ್ತು ಅಲ್ಲೇ ಇದ್ದರು.
ಎದ್ದು, ನನ್ನ ಕಡೆ ನೋಡದೆ:
"ಆ ಗಂಟು ಸರಿಯಾಗಿದೆ. ಉಳಿದದ್ದು ಅತಿ ಚಂದ."

ತೂತಿಗೆ ಪುಟ್ಟಿ ತುಂಬಿ ಬಣ್ಣ ಮುಟ್ಟಿಸಿದೆ.
ಆದರೂ ಎಳ್ಳಿನಷ್ಟು ಕಪ್ಪು ಉಳಿಯಿತು.
"ಇರಲಿ ಬಿಡು" ಅಂದರು ಟೀಚರು ದುಡ್ಡೆಣಿಸುತ್ತ,
"ಮರ ಅಂದಮೇಲೆ ಹುಳ ಬೀಳದೆ ಇರುತ್ತಾ."
ಮೆಟ್ಟಿಲಿಳಿದು ಮತ್ತೆ ಎಣಿಸಿದೆ.
ಹುಳದ ಲೆಕ್ಕಕ್ಕೆ ಇನ್ನೂರು ಕಡಿಮೆ.